ಕಮಟು ಹಿಡಿದ ಎಣ್ಣೆಯೂ ಮುಪ್ಪಿನ ಮರೆವೂ

ಕಡಲೆಕಾಯಿ ಎಣ್ಣೆಯ ವಾಸನೆಯನ್ನು ಚಳ್ಳಕೆರೆಯವರಿಗೆ ಯಾರೂ ಬಣ್ಣಿಸಿ ಹೇಳಬೇಕಾದುದಿಲ್ಲ. ಮಳೆ ಕಡಮೆಯಾದ ಆ ಸೀಮೆಯಲ್ಲಿ ಬಹುಕಾಲದಿಂದ ರೈತನ ಕೈಹಿಡಿದ ಬೆಳೆಯೆಂದರೆ ಕಡಲೆಕಾಯಿ. ಅದನ್ನು ಅರೆಯುವ ಗಿರಣಿಗಳ ದೆಸೆಯಿಂದಲೇ ಊರಿಗೆ ಎಣ್ಣೆಯ ನಗರವೆಂಬ ಬಿರುದು ಸಂದಿತು. ಎಣ್ಣೆಯ ಗುಣವನ್ನು ಬಲ್ಲ ಗೃಹಿಣಿಯು ಡಬ್ಬಿಯ ಬಾಯನ್ನು ತೆರೆದಿಡಳು, ಬಿಸಿಲಿನಲ್ಲಿರಿಸಳು, ತುಕ್ಕು ಹಿಡಿದ ತಗಡಿನ ಪಾತ್ರೆಗೆ ಸುರಿಯಳು. ಹಾಗೆ ಮಾಡಿದರೆ ಎಣ್ಣೆ ಬೇಗನೆ ಕಮಟು ಹಿಡಿಯುವುದೆಂಬುದು ಅವಳಿಗೆ ಅನುಭವಸಿದ್ಧ. ಮುಪ್ಪಿನ ಮರೆವಿನ ವಿಷಯದಲ್ಲಿ ವಿಜ್ಞಾನಿಗಳು ನಡೆಯಿಸುತ್ತಿರುವ ವಿಚಾರಣೆಗೂ ಅವಳ ಈ ತಿಳಿವಳಿಕೆಗೂ ಹತ್ತಿರದ ನಂಟುಂಟೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಎಣ್ಣೆ ಕಮಟುವುದೆಂದರೆ ಗಾಳಿಯಲ್ಲಿಯ ಆಮ್ಲಜನಕವು ಕೊಬ್ಬಿನ ಅಣುವಿನೊಡನೆ ಕೂಡಿ ಅದನ್ನು ಕೆಡಿಸುವುದು. ಇದಕ್ಕೆ ಉತ್ಕರ್ಷಣೆಯೆಂದು ಹೆಸರು. ಕಬ್ಬಿಣಕ್ಕೆ ತುಕ್ಕು ಬರುವುದೂ ಇದರ ಬಳಗದ್ದೇ. ಕೆಟ್ಟ ಅಣುವೊಂದು ನೆರೆಯ ಅಣುವಿನಿಂದ ಹೈಡ್ರೋಜನ್ ಪರಮಾಣುವನ್ನು ಕಿತ್ತುಕೊಳ್ಳುವುದು. ಕಳೆದುಕೊಂಡದ್ದು ತನ್ನ ನೆರೆಯದರ ಮೇಲೆ ಬೀಳುವುದು. ಹೀಗೆ ಸರಪಳಿಯಾಗಿ ಕೇಡು ಹಬ್ಬುವುದು. ಕಬ್ಬಿಣ ತಾಮ್ರಗಳ ಲೇಶವಿದ್ದರೂ ವೇಗ ಹೆಚ್ಚು. ಎಣ್ಣೆಯಲ್ಲಿಯೇ ಸ್ವಭಾವತಃ ಇರುವ ಈ ಜೀವಸತ್ತ್ವವು ತನ್ನನ್ನೇ ಕೊಟ್ಟುಕೊಂಡು ಸರಪಳಿಯನ್ನು ಕಡಿಯುವುದು. ಅದು ಮುಗಿದ ಮೇಲೆ ಕಾವಲಿಲ್ಲ.

ಈಗ ತಲೆಯೊಳಗಣ ಮಾತು. ಮಿದುಳನ್ನು ಒಣಗಿಸಿ ತೂಗಿದರೆ ಸುಮಾರು ಅರ್ಧಪಾಲು ಕೊಬ್ಬೇ; ಅದರಲ್ಲಿಯೂ ಸುಲಭವಾಗಿ ಕಮಟುವ ಜಾತಿಯ ಕೊಬ್ಬು ಬಹಳ. ದೇಹದ ತೂಕದಲ್ಲಿ ನೂರಕ್ಕೆ 2ರಷ್ಟಿರುವ ಈ ಅಂಗವು ನಾವು ಸೇವಿಸುವ ಆಮ್ಲಜನಕದಲ್ಲಿ ನೂರಕ್ಕೆ 20ರಷ್ಟನ್ನು ಬಳಸುತ್ತದೆ. ಹಾಗೆ ಬಳಸುವಾಗ ಒಲೆಯಿಂದ ಕಿಡಿ ಸಿಡಿಯುವಂತೆ ಉಗ್ರವಾದ ಅಣುಗಳು ಹುಟ್ಟುತ್ತವೆ. ಅವನ್ನು ಆರಿಸಲು ಜೀವಕೋಶಗಳಲ್ಲಿ ಗ್ಲುಟಾಥಯೋನ್ ಮೊದಲಾದ ಕಾವಲುಗಾರರಿದ್ದಾರೆ. ವಯಸ್ಸಾದಂತೆ ಕಿಡಿ ಹೆಚ್ಚಿ ಕಾವಲು ತಗ್ಗಿದರೆ ಆ ಸ್ಥಿತಿಗೆ ಉತ್ಕರ್ಷಣೆಯ ಒತ್ತಡವೆನ್ನುತ್ತಾರೆ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಯೊಂದಕ್ಕೆ 51 ವರ್ಷದ ಹೆಂಗಸೊಬ್ಬಳನ್ನು ಕರೆತಂದರು. ಅವಳ ಜ್ಞಾಪಕಶಕ್ತಿ ಕೆಟ್ಟಿದ್ದಿತು. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಅಲೋಯಿಸ್ ಆಲ್ಜೈಮರ್ ಎಂಬ ವೈದ್ಯರು ಮಿದುಳನ್ನು ಪರೀಕ್ಷಿಸಿ, ನರಕೋಶಗಳ ನಡುವೆ ಗಸಿಯಂತಹ ಕಲೆಗಳನ್ನೂ ಕೋಶಗಳೊಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡರು. ರೋಗಕ್ಕೆ ಅವರ ಹೆಸರೇ ನಿಂತಿತು. ಆ ಗಸಿ ಅಮಿಲಾಯ್ಡ್ ಎಂಬ ಪ್ರೋಟೀನಿನದು. ಅದರಲ್ಲಿ ಕಬ್ಬಿಣ ತಾಮ್ರಗಳು ಸೇರಿಕೊಂಡಿರುತ್ತವೆ. ತುಕ್ಕಿನ ಡಬ್ಬಿಯ ನೆನಪು ಇಲ್ಲಿ ಬಾರದಿರದು. ಮರೆವು ಇನ್ನೂ ಎಳೆಯದಾಗಿದ್ದಾಗ ತೀರಿಕೊಂಡವರ ಮಿದುಳಿನಲ್ಲಿಯೂ ಕಮಟಿದ ಕೊಬ್ಬಿನ ಗುರುತುಗಳು ಕಂಡುಬಂದಿವೆ. ಆದರೆ ಇದು ರೋಗಕ್ಕೆ ಕಾರಣವೋ ರೋಗದ ಫಲವೋ ಎಂಬ ವಾದವು ಮುಗಿದಿಲ್ಲ. ಎರಡೂ ಹೌದು, ಒಂದು ಮತ್ತೊಂದನ್ನು ಬೆಳೆಯಿಸುವುದು ಎಂಬುದೇ ನನಗೆ ಯುಕ್ತವಾಗಿ ತೋರುತ್ತದೆ.

ಚಳ್ಳಕೆರೆಯ ಬಳಿಯ ಕುದಾಪುರದಲ್ಲಿ ಎರಡನೆಯ ಆವರಣವನ್ನು ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯು ಈ ವಿಚಾರಣೆಯಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನಲ್ಲಿ ಶ್ರೀಮತಿ ವಿಜಯಲಕ್ಷ್ಮಿ ರವೀಂದ್ರನಾಥರ ತಂಡದವರು, ಈ ರೋಗದ ಲಕ್ಷಣ ಬರುವಂತೆ ಬೆಳೆಯಿಸಿದ ಇಲಿಗಳಲ್ಲಿ ನರಗಳ ಕೂಡುತಾಣಗಳಿಗೆ ಆಕಾರವನ್ನು ಕೊಡುವ ಆಕ್ಟಿನ್ ಎಂಬ ಪ್ರೋಟೀನು ಉತ್ಕರ್ಷಣೆಗೆ ತುತ್ತಾಗುವುದನ್ನು ಕಂಡರು. ಗ್ಲುಟಾರೆಡಾಕ್ಸಿನ್ ಎಂಬ ಕಾವಲುಗಾರನನ್ನು ಹೆಚ್ಚಿಸಿದಾಗ ಇಲಿಗಳ ನೆನಪು ಮರಳಿತೆಂದು 2019ರಲ್ಲಿ ಪ್ರಕಟಿಸಿದರು. ಇಲಿಯಲ್ಲಾದುದು ಮನುಷ್ಯನಲ್ಲಾಗುವುದಕ್ಕೆ ದಾರಿ ದೂರವಿದೆ.

ಹಾಗಾದರೆ ಎಣ್ಣೆಯನ್ನು ಕಾಯುವ ಈ ಜೀವಸತ್ತ್ವವನ್ನೇ ಮುದುಕರಿಗೆ ನುಂಗಿಸಬಾರದೇಕೆ? ಅಂಗಡಿಗಳ ಸೀಸೆಗಳು ಕೂಗಿ ಹೇಳುವುದೂ ಇದನ್ನೇ. ಪರೀಕ್ಷೆಗಳು ನಡೆದಿವೆ. 1997ರಲ್ಲಿ ರೋಗ ಬಲಿತ 341 ಮಂದಿಯಲ್ಲಿಯೂ 2014ರಲ್ಲಿ ರೋಗ ಅಷ್ಟಾಗಿ ಬಲಿಯದ 613 ಮಂದಿಯಲ್ಲಿಯೂ ದಿನಕ್ಕೆ 2000 ಮಾನಗಳಷ್ಟು ಕೊಟ್ಟು ನೋಡಿದಾಗ, ನಿತ್ಯಕೃತ್ಯಗಳ ಶಕ್ತಿ ಕುಂದುವುದು ಕೊಂಚ ನಿಧಾನವಾಯಿತು. ಹೋದ ನೆನಪು ಬರಲಿಲ್ಲ. ಮರೆವಿನ ಮೊದಲ ಮೆಟ್ಟಿಲಲ್ಲಿದ್ದ 769 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ರೋಗ ತಡೆಯಲಿಲ್ಲ. ದಿನವೂ 400 ಮಾನ ಸೇವಿಸಿದ ಆರೋಗ್ಯವಂತ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ನೂರಕ್ಕೆ 17ರಷ್ಟು ಹೆಚ್ಚಾಯಿತೆಂದು 2011ರಲ್ಲಿ ತಿಳಿದುಬಂದಿತು. ಡಬ್ಬಿಯಂತೆ ತಲೆಯಲ್ಲ. ಗಸಿಯು ಮರೆವು ಕಾಣುವುದಕ್ಕೆ ಹತ್ತಾರು ವರ್ಷ ಮೊದಲೇ ಕೂಡತೊಡಗುತ್ತದೆ. ಮೇಲಾಗಿ ಆ ಕಿಡಿಗಳನ್ನೇ ಕೋಶಗಳು ಅಲ್ಪಪ್ರಮಾಣದಲ್ಲಿ ಸಂದೇಶಕ್ಕಾಗಿ ಬಳಸುವುದರಿಂದ, ಎಲ್ಲವನ್ನೂ ಆರಿಸಿಬಿಡುವುದೂ ಸಲ್ಲದು. ವೈದ್ಯರನ್ನು ಕೇಳದೆ ಸೀಸೆಯನ್ನು ಕೊಳ್ಳುವುದು ಹಣಕ್ಕೂ ದೇಹಕ್ಕೂ ನಷ್ಟ.

ನಮ್ಮ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಕೇಡು ಮಾಡಿರುವುದು ಅರವತ್ತಕ್ಕೆ ಅರಳುಮರಳೆಂಬ ಗಾದೆ. ಅದನ್ನು ನೆಚ್ಚಿ ಹಿರಿಯರನ್ನು ವೈದ್ಯರ ಬಳಿಗೇ ಕರೆದೊಯ್ಯುವುದಿಲ್ಲ. ಬಿ12 ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಆಲಸ್ಯ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು. ಇವು ಚಿಕಿತ್ಸೆಗೆ ಒಗ್ಗತಕ್ಕವು. ಸಸ್ಯಾಹಾರಿಗಳ ಮನೆಯಲ್ಲಿ ಮೊದಲನೆಯದನ್ನು ಅವಶ್ಯವಾಗಿ ಪರೀಕ್ಷಿಸಿ ನೋಡತಕ್ಕದ್ದು. ರಕ್ತದೊತ್ತಡ, ಸಿಹಿಮೂತ್ರ, ಹೊಗೆಬತ್ತಿ, ಕಿವುಡು, ಮಂಜಾದ ಕಣ್ಣು ಮುಂತಾದ 14 ಸಂಗತಿಗಳನ್ನು ಸಕಾಲದಲ್ಲಿ ನೋಡಿಕೊಂಡರೆ ಲೋಕದ ಮರೆವಿನ ರೋಗಗಳಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂದು ಲ್ಯಾನ್ಸೆಟ್ ಪತ್ರಿಕೆಯ ವಿದ್ವತ್ಸಮಿತಿ 2024ರಲ್ಲಿ ಲೆಕ್ಕ ಹಾಕಿದೆ. ಅಜ್ಜನ ಕಿವಿಗೆ ಒಂದು ಶ್ರವಣಯಂತ್ರ, ಅಜ್ಜಿಯ ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ ಇವೂ ಮಿದುಳಿನ ಔಷಧವೇ ಎಂಬುದು ಎಷ್ಟು ಮಂದಿಗೆ ಗೊತ್ತು!

ರೋಗವು ಬಂದೇಬಿಟ್ಟರೆ? ಚಳ್ಳಕೆರೆಯ ನೆರೆಯ ತಾಲ್ಲೂಕು ಮೊಳಕಾಲ್ಮೂರು. ತಾಯಿತಂದೆಗಳ ಶುಶ್ರೂಷೆ ಮಾಡಬೇಕೆಂಬ ಅಶೋಕನ ಆಜ್ಞೆಯನ್ನು ಅಲ್ಲಿಯ ಬ್ರಹ್ಮಗಿರಿಯ ಬಂಡೆ ಇಪ್ಪತ್ತೆರಡು ಶತಮಾನಗಳಿಂದಲೂ ಮರೆತಿಲ್ಲ. ಆ ಊರು ರೇಷ್ಮೆಸೀರೆಗಳಿಗೂ ಹೆಸರಾದುದು. ಆಲ್ಜೈಮರ್ ರೋಗವು ಮೊದಲು ಕದಿಯುವುದು ನಿನ್ನೆಮೊನ್ನೆಯ ನೆನಪುಗಳನ್ನು. ಕೈ ಕಲಿತ ಕಸಬು ಮಿದುಳಿನ ಬೇರೆ ಭಾಗಗಳಲ್ಲಿರುವುದರಿಂದ ಬಹುದಿನ ಉಳಿಯುತ್ತದೆ. ಉಂಡೆನೋ ಇಲ್ಲವೋ ಎಂದು ಮತ್ತೆ ಮತ್ತೆ ಕೇಳುವ ಮುದಿ ನೇಕಾರನ ಮುಂದೆ ರಾಟೆಯನ್ನಿಟ್ಟು ನೂಲಿನ ತುದಿಯನ್ನು ಕೈಗೆ ಕೊಟ್ಟರೆ, ಅವನು ಯಾರನ್ನೂ ಕೇಳದೆ ಕಂಡಿಕೆ ಸುತ್ತತೊಡಗಬಹುದು.