ಗ್ಲಾಕೋಮಾ ಔಷಧಿ ಮತ್ತು ಕ್ಯಾನ್ಸರ್: ಸಾರ್ವಜನಿಕರಿಗೆ ಮಾಹಿತಿ

ಗ್ಲಾಕೋಮಾ ರೋಗಿಗಳ ಕಣ್ಣಿನ ಒಳ ಒತ್ತಡವನ್ನು ತಗ್ಗಿಸಲು ಟಿಮೊಲಾಲ್ ಹನಿಗಳನ್ನು ಬಳಸಲಾಗುತ್ತದೆ. ಜೀವಕೋಶದ ಬೆಳವಣಿಗೆ ಹಾಗೂ ಸಾವಿಗೆ ಕ್ಯಾಲ್ಸಿಯಂ ಸಂಕೇತವಾಗಿ ವರ್ತಿಸುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಿಗೆ ಟಿಮೊಲಾಲ್ ಸೇರಿಸಿದಾಗ ಕೋಶದೊಳಗಿನ ಕ್ಯಾಲ್ಸಿಯಂ ಪ್ರಮಾಣ ಏರಿರುವುದು ಹಾಗೂ ಹೆಚ್ಚಿನ ಸಾಂದ್ರತೆಯಲ್ಲಿ ಕೋಶಗಳು ಸತ್ತಿರುವುದು ಕಂಡುಬಂದಿರುತ್ತದೆ. ಕಣ್ಣಿನ ಹನಿಯಿಂದ ರಕ್ತದಲ್ಲಿ ಅಷ್ಟು ಸಾಂದ್ರತೆ ಉಂಟಾಗುವುದಿಲ್ಲ. ಆದುದರಿಂದ ಇದು ಕ್ಯಾನ್ಸರ್ ಚಿಕಿತ್ಸೆಯಲ್ಲ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ರೋಗಿಗಳು ವೈದ್ಯರ ಸಲಹೆಯಿಲ್ಲದೆ ಹನಿಗಳನ್ನು ಹೆಚ್ಚಿಸಬಾರದು, ನಿಲ್ಲಿಸಲೂಬಾರದು. ಗ್ಲಾಕೋಮಾದಿಂದ ನಷ್ಟವಾದ ದೃಷ್ಟಿ ಮರಳಿ ಬರುವುದಿಲ್ಲ. ಉಬ್ಬಸವಿರುವವರು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಕ್ಯಾನ್ಸರ್ ಸಂಶಯವಿದ್ದಲ್ಲಿ ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನು ಸಂಪರ್ಕಿಸುವುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿರುತ್ತದೆ.