ಮೊದಲ ಹಾಡಿನ ತಂಗಿ

'ಫಾರೆವರ್ ವನ್' ಹಾಡಿನ ರಚನಾಕಾರರ ಪಟ್ಟಿಯಲ್ಲಿ ಕೆಂಝಿ ಎಂಬ ಹೆಸರು ಕಂಡದ್ದೇ ತಡ, ಆ ಹಾಡು ನಿಲ್ಲಿಸಿ 2007ರ ಹಾಡೊಂದನ್ನು ಹುಡುಕಿ ಹಾಕಿದೆ. ಕೊರಿಯಾದ ಗರ್ಲ್ಸ್ ಜನರೇಶನ್ ತಂಡ ಮೊಟ್ಟಮೊದಲು ಹಾಡಿದ 'ಇನ್‌ಟು ದ ನ್ಯೂ ವರ್ಲ್ಡ್'ಗೆ ರಾಗ ಹಾಕಿದವರೂ ಇದೇ ಕೆಂಝಿ. ತಂಡಕ್ಕೆ ಹದಿನೈದು ವರ್ಷ ತುಂಬಿದಾಗಿನ 'ಫಾರೆವರ್ ವನ್'ಗೂ ಅದೇ ಕೈ. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಎರಡನೆಯದು ಮೊದಲನೆಯದರ ತಂಗಿ ಎಂದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಪಲ್ಲವಿ ಬಂದಾಗ ರಾಗ ಏರುವ ರೀತಿ, ಎಲ್ಲರೂ ದನಿಗೂಡಿಸಲೆಂದೇ ಬಿಟ್ಟಂತಿರುವ ಜಾಗ, ಎರಡರಲ್ಲೂ ಇವೆ.

ಕೆ-ಪಾಪ್ ಬಲ್ಲವರಿಗೆ ತಂಡದ ಪರಿಚಯ ಬೇಕಿಲ್ಲ. 2007ರ ಆಗಸ್ಟ್ 5ರಂದು 'ಇಂಕಿಗಾಯೊ' ಟಿವಿ ಕಾರ್ಯಕ್ರಮದಲ್ಲಿ ಒಂಬತ್ತು ಹುಡುಗಿಯರು, 2009ರಲ್ಲಿ 'ಜೀ' ಹಾಡು, 2014ರಲ್ಲಿ ಜೆಸಿಕಾ ನಿರ್ಗಮನ, 2017ರಲ್ಲಿ ಟಿಫನಿ, ಸೂಯಂಗ್, ಸೊಹ್ಯೂನ್ ತಂಡವನ್ನು ರೂಪಿಸಿದ ಎಸ್‌ಎಂ ಕಂಪನಿ ಬಿಟ್ಟದ್ದು. ಆಮೇಲೆ ಐದು ವರ್ಷ ಎಂಟೂ ಜನ ಸೇರಿದ ಆಲ್ಬಂ ಬರಲಿಲ್ಲ. ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ 2009ರಲ್ಲಿ ತಂದ ಕಲಾವಿದರ ಮಾದರಿ ಕರಾರು ಏಳು ವರ್ಷದ್ದು. ಅದು ಮುಗಿಯುವ ಹೊತ್ತಿಗೆ ಎಷ್ಟೋ ತಂಡಗಳು ಚದುರಿಹೋಗುತ್ತವೆ. ಹದಿನೈದನ್ನು ಮುಟ್ಟುವವರು ಅಪರೂಪ. ಕಂಪನಿ ಬೇರೆ ಬೇರೆಯಾದ ಮೇಲೂ ಕೂಡಿಬರುವವರು ಇನ್ನೂ ಅಪರೂಪ.

ವಾರ್ಷಿಕೋತ್ಸವದ ಹಾಡೆಂದರೆ ನನಗೆ ಮೊದಲಿಂದ ಅನುಮಾನ. ಅಭಿಮಾನಿಯ ನೆನಪನ್ನು ಮೀಟಿ ಆಲ್ಬಂ ಮಾರುವ ದಾರಿ ಅದು. 2022ರ ಆಗಸ್ಟ್ 5ಕ್ಕೇ ಸರಿಯಾಗಿ ಬಂದ 'ಫಾರೆವರ್ ವನ್' ಕೂಡ ಲೆಕ್ಕಾಚಾರದ್ದೇ. ಆದರೂ ಅದು ನನ್ನನ್ನು ಗೆದ್ದದ್ದೇಕೆಂದು ಹೇಳಬೇಕಾದರೆ ತಂಡ ಮತ್ತು ಅದರ ಮೊದಲ ಹಾಡು ಅಷ್ಟರೊಳಗೆ ಎಲ್ಲೆಲ್ಲಿಗೆ ಹೋಗಿ ಬಂದಿದ್ದವು ಎನ್ನುವುದನ್ನು ಹೇಳಬೇಕು.

2008ರ ಜೂನ್ 7. ಸೋಲ್‌ನ ಜಾಮ್‌ಶಿಲ್ ಕ್ರೀಡಾಂಗಣದಲ್ಲಿ ಹಲವು ತಂಡಗಳ ಡ್ರೀಮ್ ಕಾನ್ಸರ್ಟ್. ಗರ್ಲ್ಸ್ ಜನರೇಶನ್ ವೇದಿಕೆಗೆ ಬಂದಾಗ ಬೇರೆ ತಂಡಗಳ ಅಭಿಮಾನಿಗಳು ತಾವು ಬೀಸುವ ಬೆಳಕಿನ ಕೋಲುಗಳಾದ ಲೈಟ್‌ಸ್ಟಿಕ್‌ಗಳನ್ನೆಲ್ಲ ಆರಿಸಿಬಿಟ್ಟರು. ಹತ್ತು ನಿಮಿಷದಷ್ಟು ಹೊತ್ತು ಕತ್ತಲು, ಮೌನ. ಇದನ್ನು 'ಬ್ಲ್ಯಾಕ್ ಓಷನ್' ಎಂದೇ ಕರೆಯುತ್ತಾರೆ. ಇನ್ನೂ ವರ್ಷ ತುಂಬದ ತಂಡ ಆ ಕತ್ತಲಲ್ಲೇ ಹಾಡಿ ಮುಗಿಸಿತು.

2016ರ ಜುಲೈ 30ರಂದು ಈಹ್ವಾ ಮಹಿಳಾ ವಿಶ್ವವಿದ್ಯಾಲಯ. ಹೊಸ ಕಾಲೇಜೊಂದನ್ನು ತೆರೆಯುವ ಆಡಳಿತದ ತೀರ್ಮಾನದ ವಿರುದ್ಧ ವಿದ್ಯಾರ್ಥಿನಿಯರು ಮುಖ್ಯ ಕಟ್ಟಡದಲ್ಲಿ ಧರಣಿ ಕೂತಿದ್ದರು. ಸುಮಾರು 1,600 ಪೊಲೀಸರು ಒಳಗೆ ಬಂದರು. ತೋಳಿಗೆ ತೋಳು ಹೆಣೆದುಕೊಂಡ ಹುಡುಗಿಯರು ಆಗ ಹಾಡಿದ್ದು ಹೋರಾಟದ ಗೀತೆಯನ್ನಲ್ಲ, 'ಇನ್‌ಟು ದ ನ್ಯೂ ವರ್ಲ್ಡ್' ಅನ್ನು. ಆ ವಿಡಿಯೊ ನೋಡಿ ನನಗೆ ಗಂಟಲು ಕಟ್ಟಿತು. ವಾದ್ಯವಿಲ್ಲ, ತಾಳವಿಲ್ಲ, ಎಲ್ಲರ ಶ್ರುತಿಯೂ ಒಂದಲ್ಲ. ಹಾಡು ಮಾತ್ರ ಗಟ್ಟಿಯಾಗಿ ನಿಂತಿದೆ. ಕೆಲವೇ ದಿನಗಳಲ್ಲಿ ವಿಶ್ವವಿದ್ಯಾಲಯ ಆ ಯೋಜನೆಯನ್ನು ಕೈಬಿಟ್ಟಿತು. ಅದೇ ವಾರ, ಆಗಸ್ಟ್ 5ರಂದು, ಒಂಬತ್ತನೇ ವರ್ಷದ ನೆನಪಿಗೆ ಸೂಯಂಗ್ ಸಾಹಿತ್ಯದ 'ಸೈಲಿಂಗ್' ಬಿಡುಗಡೆಯಾಯಿತು. ಕಂಪನಿ ಒಂದು ಹಾಡನ್ನು ಅಭಿಮಾನಿಗಳ ಕೈಗಿಡುತ್ತಿದ್ದ ಹೊತ್ತಿಗೆ ಇನ್ನೊಂದನ್ನು ಜನ ತಾವಾಗಿಯೇ ಎತ್ತಿಕೊಂಡಿದ್ದರು.

ಹಾಗೆ ಬೀದಿಗಿಳಿದು ಬಂದ ಹಾಡಿಗೆ ಜೊತೆಯಾಗುವ ಇನ್ನೊಂದನ್ನು ಕಟ್ಟುವುದು ಸುಲಭದ ಕೆಲಸವಲ್ಲ. ಅದೇ ಭಾರವನ್ನು ಹೊರಿಸಲು ಹೋಗಿದ್ದರೆ 'ಫಾರೆವರ್ ವನ್' ಕುಸಿಯುತ್ತಿತ್ತು. ಕೆಂಝಿ ಆ ತಪ್ಪು ಮಾಡಲಿಲ್ಲ. ಸಂಭ್ರಮದ, ವೇಗದ ಹಾಡು ಕೊಟ್ಟರು. ಮೂವತ್ತು ದಾಟಿದ ಎಂಟು ಹೆಂಗಸರು ಪರಸ್ಪರ ಬಿಟ್ಟುಕೊಡುವುದಿಲ್ಲ ಎನ್ನುತ್ತಾರೆ, ಅಷ್ಟೇ. ಮೊದಲ ಹಾಡಿನಲ್ಲಿ ಮುಂದೇನೋ ಎಂಬ ಅಂಜಿಕೆಯ ನಡುವೆ ನಂಬಿಕೆ ಇತ್ತು. ಇಲ್ಲಿ ಆ ದಾರಿಯನ್ನು ನಡೆದು ಬಂದವರ ಖುಷಿ ಇದೆ. ತಂಡದ ಟೇಯೊನ್ ದನಿ ಮೇಲಕ್ಕೇರಿ ಉಳಿದವರೆಲ್ಲ ಕೆಳಗಿಂದ ಬಂದು ಸೇರುವಾಗ ನನ್ನ ಅನುಮಾನವೆಲ್ಲ ಕರಗಿಹೋಗುತ್ತದೆ.

ಮೊದಲ ಹಾಡಿನ ಪಯಣ ಮಾತ್ರ ಅಲ್ಲಿಗೂ ನಿಲ್ಲಲಿಲ್ಲ. 2024ರ ಡಿಸೆಂಬರ್ 3ರ ರಾತ್ರಿ ಕೊರಿಯಾದ ಆಗಿನ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದರು. ಮುಂದಿನ ದಿನಗಳಲ್ಲಿ ಯೊಇಡೊದ ಸಂಸತ್ತಿನೆದುರು ನೆರೆದ ಯುವತಿಯರ ಕೈಯಲ್ಲಿ ಮೇಣದಬತ್ತಿಗಿಂತ ಲೈಟ್‌ಸ್ಟಿಕ್‌ಗಳೇ ಎದ್ದು ಕಂಡವು. ಒಂದೊಂದು ತಂಡದ್ದು ಒಂದೊಂದು ಆಕಾರ, ಒಂದೊಂದು ಬಣ್ಣ. ಡಿಸೆಂಬರ್ 14ರಂದು 204 ಮತಗಳಿಂದ ಅವರ ವಾಗ್ದಂಡನೆ ಅಂಗೀಕಾರವಾದಾಗ ಬೀದಿಯಲ್ಲಿ ಮೊಳಗಿದ್ದು ಇದೇ ಹಾಡು. 2008ರಲ್ಲಿ ಈ ತಂಡಕ್ಕೆಂದೇ ಬೆಳಕು ಆರಿಸಿದ್ದ ಲೋಕ ಈಗ ತಂಡಭೇದ ಮರೆತು ಇವರ ಹಾಡಿಗೆ ಬೆಳಕು ಬೀಸುತ್ತಿತ್ತು.

2027ರ ಆಗಸ್ಟ್‌ಗೆ ತಂಡಕ್ಕೆ ಇಪ್ಪತ್ತು. ಹೊಸ ಹಾಡು ಬರುವುದಾದರೆ ಅದನ್ನೂ ಕೆಂಝಿಯೇ ಬರೆಯಬೇಕು, ಜೆಸಿಕಾ ಸೇರಿ ಒಂಬತ್ತೂ ಜನ ಹಾಡಬೇಕು ಎನ್ನುವುದು ನನ್ನಾಸೆ.