ದೃಷ್ಟಿಹೀನರ ಮಾಸಾಶನ: ಅರ್ಹತೆಯ ಅಳತೆಗೋಲು

ವಾರ್ಧಕ್ಯ, ವ್ಯಾಧಿ, ಅಂಗವೈಕಲ್ಯ ಮೊದಲಾದ ಕಾರಣಗಳಿಂದ ಜೀವನೋಪಾಯವನ್ನು ಕಳೆದುಕೊಂಡವರಿಗೆ ರಾಜ್ಯವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಸಾರ್ವಜನಿಕ ನೆರವನ್ನು ಒದಗಿಸತಕ್ಕದ್ದೆಂದು ನಮ್ಮ ಸಂವಿಧಾನದ 41ನೆಯ ಅನುಚ್ಛೇದವು ನಿರ್ದೇಶಿಸಿದೆ. ದೃಷ್ಟಿಹೀನರಿಗೆ ಸಲ್ಲುವ ಮಾಸಾಶನಕ್ಕೆ ಮೂಲಾಧಾರವಾದ ತತ್ತ್ವವು ಇದೇ. ಅದನ್ನು ಪಡೆಯುವವರು ದಾಟಬೇಕಾದ ಬಾಗಿಲುಗಳು ಮೂರು: ವಯಸ್ಸು, ಬಡತನ ಮತ್ತು ವೈಕಲ್ಯದ ಪ್ರಮಾಣ. ಮೊದಲಿನ ಎರಡನ್ನು ಜನರು ಸುಲಭವಾಗಿ ಗ್ರಹಿಸುತ್ತಾರೆ, ಎಡವುವುದು ಮೂರನೆಯದರಲ್ಲಿ. ಆದುದರಿಂದ ಈ ಅಧ್ಯಾಯದ ಬಹುಭಾಗವು ಆ ಮೂರನೆಯ ಬಾಗಿಲಿಗೇ ಮೀಸಲು.

ಯೋಜನೆಗಳ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1995ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಅಂಗವಾಗಿ 2009ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯು ಜಾರಿಗೆ ಬಂದಿತು. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ಸೇರಿದ, 18 ವರ್ಷ ತುಂಬಿದ, ಶೇಕಡ 80 ಅಥವಾ ಅದಕ್ಕೂ ಮಿಗಿಲಾದ ವೈಕಲ್ಯವುಳ್ಳ ವ್ಯಕ್ತಿಗೆ ಕೇಂದ್ರ ಸರ್ಕಾರವು ಇದರ ಮೂಲಕ ತಿಂಗಳಿಗೆ 300 ರೂಪಾಯಿಗಳನ್ನೂ, 80 ವರ್ಷ ತುಂಬಿದ ಮೇಲೆ 500 ರೂಪಾಯಿಗಳನ್ನೂ ಕೊಡುತ್ತದೆ. ಈ 300 ರೂಪಾಯಿ 2012ರಲ್ಲಿ ಗೊತ್ತಾದ ಮೊತ್ತ. ಇದರ ಮೇಲೆ ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತವೆ. ಕರ್ನಾಟಕದಲ್ಲಿ ಕಂದಾಯ ಇಲಾಖೆಯ ಮೂಲಕ ಸಲ್ಲುವ ಅಂಗವಿಕಲ ವೇತನಕ್ಕೆ ಶೇಕಡ 40ರ ವೈಕಲ್ಯವೇ ಸಾಕು, ಶೇಕಡ 75ನ್ನು ಮುಟ್ಟಿದವರಿಗೆ ಮೊತ್ತವು ಹೆಚ್ಚು. ರಾಜ್ಯದ ಮೊತ್ತಗಳು ಆಯವ್ಯಯದೊಡನೆ ಬದಲಾಗತಕ್ಕವಾದ್ದರಿಂದ ಅವನ್ನು ಇಲ್ಲಿ ಅಚ್ಚುಹಾಕುವುದಕ್ಕಿಂತ ನಾಡಕಚೇರಿಯಲ್ಲಿ ವಿಚಾರಿಸಿ ತಿಳಿಯುವುದೇ ಲೇಸು.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಂಧತೆಯೆಂದರೆ ಪೂರ್ಣ ಕತ್ತಲೆಯೆಂದೇ ಸಾಮಾನ್ಯರ ಭಾವನೆ. ಬೆಳಕನ್ನು ಗುರುತಿಸುವ, ಎದುರಿಗೆ ಬಂದವರ ಆಕಾರವನ್ನು ಕಾಣುವ, ಕೈಬೆರಳುಗಳನ್ನು ಹತ್ತಿರದಿಂದ ಎಣಿಸುವ ವ್ಯಕ್ತಿಯು ತನ್ನನ್ನು ಅಂಧನೆಂದು ಹೇಳಿಕೊಂಡರೆ ನೆರೆಹೊರೆಯವರು ಅನುಮಾನಿಸುತ್ತಾರೆ. ಎಷ್ಟೋ ವೇಳೆ ಆ ವ್ಯಕ್ತಿಯೇ ತಾನು ಅರ್ಹನಲ್ಲವೆಂದು ಭಾವಿಸಿ ಅರ್ಜಿಯನ್ನೇ ಹಾಕದೆ ಉಳಿದುಬಿಡುತ್ತಾನೆ. ಶಾಸನದ ದೃಷ್ಟಿಯು ಇದಕ್ಕಿಂತ ಬಹಳ ವಿಶಾಲವಾದುದು. 2016ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಪ್ರಕಾರ, ದೃಷ್ಟಿಯು ಸಂಪೂರ್ಣವಾಗಿ ಇಲ್ಲದಿರುವುದು ಅಂಧತೆಯ ಒಂದು ಬಗೆ ಮಾತ್ರ. ಉತ್ತಮವಾದ ಕಣ್ಣಿನಲ್ಲಿ, ಸಾಧ್ಯವಾದಷ್ಟು ಸರಿಯಾದ ಕನ್ನಡಕವನ್ನು ಹಾಕಿದ ಮೇಲೂ, ದೃಷ್ಟಿತೀಕ್ಷ್ಣತೆಯು 3/60ಕ್ಕಿಂತ ಕಡಿಮೆಯಾಗಿದ್ದರೆ ಅದೂ ಅಂಧತೆ. ದೃಷ್ಟಿಕ್ಷೇತ್ರವು 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದೂ ಅಂಧತೆ.

ಈ ಭಿನ್ನರಾಶಿಗಳ ಅರ್ಥವನ್ನು ಬಿಡಿಸಿ ಹೇಳಬೇಕು. ಕಣ್ಣಾಸ್ಪತ್ರೆಯ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತ ಹೋಗುವ ಅಕ್ಷರಗಳ ಪಟವನ್ನು ಎಲ್ಲರೂ ಕಂಡಿದ್ದೇವೆ. ಹಾಲೆಂಡಿನ ನೇತ್ರವೈದ್ಯ ಹರ್ಮನ್ ಸ್ನೆಲನ್ 1862ರಲ್ಲಿ ರೂಪಿಸಿದ ಆ ಪಟದಲ್ಲಿ ಮೇಲಿನ ಸಂಖ್ಯೆಯು ಪರೀಕ್ಷೆಗೊಳಗಾದವನು ನಿಂತ ದೂರ, ಕೆಳಗಿನ ಸಂಖ್ಯೆಯು ಸಾಮಾನ್ಯ ದೃಷ್ಟಿಯವನು ಅದೇ ಅಕ್ಷರವನ್ನು ಓದಬಲ್ಲ ದೂರ. ಆದುದರಿಂದ 3/60 ಎಂದರೆ, ಇತರರು 60 ಮೀಟರುಗಳಿಂದ ಕಾಣುವುದನ್ನು ಈತನು ಮೂರು ಮೀಟರುಗಳಿಗೆ ಬಂದು ಕಾಣುತ್ತಾನೆ. ಇಲ್ಲಿ ಮರೆಯಬಾರದ ಮಾತುಗಳು ಎರಡು. ಅಳತೆಯು ಕನ್ನಡಕ ಹಾಕಿದ ಮೇಲಿನದು. ಕನ್ನಡಕ ತೆಗೆದರೆ ಏನೂ ಕಾಣದು, ಹಾಕಿದರೆ 6/12 ಕಾಣುವುದು ಎನ್ನುವವರಿಗೆ ಅರ್ಹತೆಯಿಲ್ಲ. ಗಣನೆಗೆ ಮೊದಲು ಬರುವುದು ಎರಡರಲ್ಲಿ ಉತ್ತಮವಾದ ಕಣ್ಣು. ಒಂದು ಕಣ್ಣು ಪೂರ್ತಿಯಾಗಿ ಹೋಗಿ ಇನ್ನೊಂದು ಚೆನ್ನಾಗಿರುವವರಿಗೆ ಶೇಕಡ 30ರ ವೈಕಲ್ಯವಷ್ಟೇ ದೊರೆಯುತ್ತದೆ. ಮಾಸಾಶನದ ಅತ್ಯಂತ ಕೆಳಗಿನ ಮೆಟ್ಟಿಲು 40. ಒಂದು ಕಣ್ಣನ್ನು ಕಳೆದುಕೊಂಡವರ ದುಃಖವು ಅಲ್ಪವೆಂದು ಇದರ ಅರ್ಥವಲ್ಲ, ಆದರೆ ನಿಯಮವು ಸ್ಪಷ್ಟವಾಗಿದೆ. ಅವರನ್ನು ಕಚೇರಿಯಿಂದ ಕಚೇರಿಗೆ ಅಲೆಸದೆ ಮೊದಲೇ ತಿಳಿಯಹೇಳುವುದು ಮೇಲು.

ಶೇಕಡಾವಾರು ಪ್ರಮಾಣವು ವೈದ್ಯರ ಅಂದಾಜಿನಿಂದ ಬರುವುದೆಂದು ತಿಳಿದವರು ಹಲವರು. ಹಾಗಲ್ಲ, 2018ರ ಜನವರಿಯಲ್ಲಿ ಕೇಂದ್ರ ಸರ್ಕಾರವು ರಾಜ್ಯಪತ್ರದಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಅದಕ್ಕೊಂದು ಕೋಷ್ಟಕವಿದೆ. ಉತ್ತಮ ಕಣ್ಣಿನ ಅಳತೆ ಒಂದು ಕಡೆ, ಇನ್ನೊಂದು ಕಣ್ಣಿನ ಅಳತೆ ಮತ್ತೊಂದು ಕಡೆ; ಎರಡೂ ಸಂಧಿಸುವಲ್ಲಿ ಪ್ರಮಾಣ. ಈ ಕೋಷ್ಟಕವನ್ನು ಅನೇಕ ಸಲ ಅನೇಕರಿಗೆ ಓದಿ ಹೇಳಿದ್ದೇನೆ; ಆದರೂ ಅದರ ಒಳಗಣ ತರ್ಕವು ಪ್ರತಿ ಸಲವೂ ನನ್ನ ಕುತೂಹಲವನ್ನು ಕೆರಳಿಸುತ್ತದೆ. ಎರಡು ಕಣ್ಣುಗಳೂ 6/24ರಿಂದ 6/60ರ ನಡುವೆ ಇದ್ದರೆ ಶೇಕಡ 40. ಉತ್ತಮ ಕಣ್ಣು ಅದೇ ಶ್ರೇಣಿಯಲ್ಲಿದ್ದು ಇನ್ನೊಂದು ಕಣ್ಣು ಮತ್ತಷ್ಟು ಕುಗ್ಗಿದ್ದರೆ 50, ಅದು 3/60ಕ್ಕಿಂತಲೂ ಕೆಳಗೆ ಇಳಿದಿದ್ದರೆ 60. ಎರಡೂ 6/60ಕ್ಕಿಂತ ಕಡಿಮೆಯಾಗಿ 3/60ರವರೆಗೆ ಇದ್ದರೆ 70. ಉತ್ತಮ ಕಣ್ಣು ಹಾಗಿದ್ದು ಇನ್ನೊಂದು 3/60ಕ್ಕೂ ಕೆಳಗಿದ್ದರೆ 80. ಎರಡೂ 3/60ಕ್ಕಿಂತ ಕೆಳಗಿದ್ದರೆ 90ರಿಂದ ಮೇಲೆ. ಕಣ್ಣಿನ ಮುಂದೆ ಆಡಿಸಿದ ಕೈಯ ಚಲನೆಯಷ್ಟೇ ಅಥವಾ ಬೆಳಕಷ್ಟೇ ಕಾಣುವ, ಅದೂ ಕಾಣದ ಸ್ಥಿತಿಗೆ 100.

ಇದರಿಂದ ಹೊರಡುವ ಫಲಿತಾಂಶಗಳನ್ನು ನೋಡಿರಿ. ಎರಡು ಕಣ್ಣುಗಳಲ್ಲಿಯೂ 5/60 ದೃಷ್ಟಿಯುಳ್ಳ ಹೆಣ್ಣುಮಗಳೊಬ್ಬಳಿಗೆ ದೊರೆಯುವುದು ಶೇಕಡ 70. ಒಂದು ಕಣ್ಣಿನಲ್ಲಿ 5/60 ಇದ್ದು ಇನ್ನೊಂದನ್ನು ಪೂರ್ತಿ ಕಳೆದುಕೊಂಡವಳಿಗೆ 80. ಮೊದಲನೆಯವಳಿಗೆ ಕೇಂದ್ರದ ಪಿಂಚಣಿ ಇಲ್ಲ, ಎರಡನೆಯವಳಿಗೆ ಉಂಟು. ಕರ್ನಾಟಕದ 75ರ ಮೆಟ್ಟಿಲೂ ದೃಷ್ಟಿಹೀನರ ಪಾಲಿಗೆ ವಸ್ತುತಃ 80ರ ಮೆಟ್ಟಿಲೇ ಆಗಿದೆ, ಏಕೆಂದರೆ ಹತ್ತು ಹತ್ತರಂತೆ ಏರುವ ಈ ಕೋಷ್ಟಕದಲ್ಲಿ 75 ಎಂಬ ಸಂಖ್ಯೆಯೇ ಬರುವುದಿಲ್ಲ. 2001ರ ಹಳೆಯ ಮಾರ್ಗಸೂಚಿಯಲ್ಲಾದರೋ 40 ಆದ ಮೇಲೆ 75, ಅದಾದ ಮೇಲೆ 100 ಎಂಬ ಕ್ರಮವಿತ್ತು. ಅಳತೆಗೋಲು ಬದಲಾದಾಗ ಅದರ ಮೇಲೆ ನಿಂತ ಯೋಜನೆಯ ಗೆರೆಗಳನ್ನೂ ಮರುಪರಿಶೀಲಿಸಬೇಕಾದುದು ನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಇನ್ನೊಂದು ಸಂಗತಿಯೂ ಗಮನಾರ್ಹ: ವಿಕಲಾಂಗ ವ್ಯಕ್ತಿಗಳ ಕುರಿತ 1995ರ ಹಳೆಯ ಅಧಿನಿಯಮದಲ್ಲಿ ಉತ್ತಮ ಕಣ್ಣಿನಲ್ಲಿ 6/60 ಇದ್ದವನೇ ಅಂಧನೆನಿಸುತ್ತಿದ್ದನು, ಎರಡು ಕಣ್ಣುಗಳಲ್ಲಿಯೂ ಅಷ್ಟೇ ದೃಷ್ಟಿಯಿರುವವನು ಇಂದು ಶೇಕಡ 40ರ ಮಂದದೃಷ್ಟಿಯವನು.

ತೀಕ್ಷ್ಣತೆಯ ವಿಚಾರವು ಹೇಗೋ ಜನಕ್ಕೆ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು, ಮತ್ತು ಅದರಿಂದಾಗಿ ಅರ್ಹರು ಮಾಸಾಶನವನ್ನು ಕಳೆದುಕೊಳ್ಳುವುದು, ದೃಷ್ಟಿಕ್ಷೇತ್ರದ ವಿಚಾರದಲ್ಲಿ. ನೇರವಾಗಿ ಮುಂದೆ ನೋಡುತ್ತಿರುವಾಗಲೂ ಮನುಷ್ಯನಿಗೆ ಎರಡು ಕಣ್ಣುಗಳೂ ಸೇರಿ ಸುಮಾರು 180 ಡಿಗ್ರಿಗಳಷ್ಟು ವಿಸ್ತಾರವು ಗೋಚರಿಸುತ್ತದೆ; ಪಕ್ಕದಿಂದ ಬರುವ ಎತ್ತಿನ ಗಾಡಿ, ಕಾಲ ಬಳಿಯ ಹೊಸ್ತಿಲು, ತಲೆಯ ಮೇಲಣ ತೊಲೆ ಇವೆಲ್ಲ ನಮ್ಮ ಅರಿವಿಗೆ ಬರುವುದು ಈ ಅಂಚಿನ ನೋಟದಿಂದ. ಅಕ್ಷಿಪಟಲದ ಅಂಚಿನ ಕೋಶಗಳು ಕ್ರಮೇಣ ನಾಶವಾಗುವ ಅನುವಂಶೀಯ ರೋಗದಲ್ಲಿ ಮೊದಲು ಇರುಳುಗುರುಡು ತೋರುತ್ತದೆ. ಬಳಿಕ ನೋಟವು ಸುತ್ತಲಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬಂದು ಕಡೆಗೆ ಸಣ್ಣ ಕೊಳವೆಯೊಳಗಿಂದ ಜಗತ್ತನ್ನು ನೋಡಿದಂತಾಗುತ್ತದೆ. ಕಣ್ಣಿನ ಒತ್ತಡದಿಂದ ನರವು ಹಾಳಾಗುವ ಗ್ಲಾಕೋಮಾದಲ್ಲಿಯೂ ಪ್ರಾಯಶಃ ಹೀಗೆಯೇ. ಆದರೆ ನಡುವಿನ ನೋಟವು ಬಹುಕಾಲ ಉಳಿಯುವುದರಿಂದ ಇಂಥವನನ್ನು ಅಕ್ಷರಪಟದ ಮುಂದೆ ನಿಲ್ಲಿಸಿದರೆ 6/9ರ ಸಾಲನ್ನು ಸಲೀಸಾಗಿ ಓದಿಬಿಡುತ್ತಾನೆ. ವೃತ್ತಪತ್ರಿಕೆಯನ್ನು ಓದುವವನು ಬೀದಿಯಲ್ಲಿ ಬಿಳಿಕೋಲನ್ನು ಹಿಡಿದು ನಡೆದರೆ ಜನ ಅವನನ್ನು ವೇಷಧಾರಿಯೆಂದು ನಿಂದಿಸುತ್ತಾರೆ. ಇದು ಘೋರವಾದ ಅನ್ಯಾಯ. ಅವನ ದೃಷ್ಟಿಕ್ಷೇತ್ರವು ಎರಡು ಕಣ್ಣುಗಳಲ್ಲಿಯೂ 10 ಡಿಗ್ರಿಗಿಂತ ಕಡಿಮೆಯಾಗಿದ್ದರೆ, ಅವನು ಎಷ್ಟೇ ಸಣ್ಣ ಅಕ್ಷರವನ್ನು ಓದಲಿ, ಶಾಸನದ ಪ್ರಕಾರ ಅಂಧನೇ. ಕೋಷ್ಟಕವು ಅವನಿಗೆ ಶೇಕಡ 90ನ್ನು ಕೊಡುತ್ತದೆ.

ಆದುದರಿಂದ ವೈಕಲ್ಯದ ಪ್ರಮಾಣಪತ್ರಕ್ಕಾಗಿ ಹೋಗುವವರಿಗೆ ನಾನು ತಪ್ಪದೆ ಹೇಳುವ ಮಾತೊಂದಿದೆ. ರಾತ್ರಿ ನೋಟವಿಲ್ಲ, ಪಕ್ಕದವು ಕಾಣವು, ಪದೇ ಪದೇ ಎಡವುತ್ತೇನೆ ಎಂಬ ತೊಂದರೆಗಳಿದ್ದರೆ ಅಕ್ಷರಪಟದ ಪರೀಕ್ಷೆಯೊಂದರಿಂದ ತೃಪ್ತರಾಗದೆ, ಆಸ್ಪತ್ರೆಗಳಲ್ಲಿ ಫೀಲ್ಡ್ ಟೆಸ್ಟ್ ಎಂದು ಕರೆಯುವ ದೃಷ್ಟಿಕ್ಷೇತ್ರ ಪರೀಕ್ಷೆಯನ್ನೂ ಮಾಡಿಸಬೇಕೆಂದು ವಿನಯದಿಂದ, ಆದರೆ ಬಿಡದೆ ಕೇಳಿರಿ. ಅದಕ್ಕೆ ಬೇಕಾದ ಯಂತ್ರವು ಸ್ಥಳೀಯ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಇರುವ ಕಡೆಗೆ ಕಳುಹಿಸಿಕೊಡುವಂತೆ ಪ್ರಾರ್ಥಿಸಿರಿ.

ಎರಡು ಬಗೆಯ ವೈಕಲ್ಯಗಳು ಒಬ್ಬರಲ್ಲೇ ಕೂಡಿದಾಗ ಮತ್ತೊಂದು ತಪ್ಪು ತಿಳಿವಳಿಕೆ ತಲೆದೋರುತ್ತದೆ. ಕಣ್ಣಿಗೆ 70, ಕಿವಿಗೆ 40, ಕೂಡಿದರೆ 110 ಎಂಬ ಲೆಕ್ಕ ಇಲ್ಲಿ ನಡೆಯದು. 90ರಲ್ಲಿ ದೊಡ್ಡ ಪ್ರಮಾಣವನ್ನು ಕಳೆದು, ಉಳಿದುದನ್ನು ಚಿಕ್ಕ ಪ್ರಮಾಣದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದುದನ್ನು ದೊಡ್ಡ ಪ್ರಮಾಣಕ್ಕೆ ಸೇರಿಸತಕ್ಕದ್ದು. ಮೇಲಿನ ಉದಾಹರಣೆಯಲ್ಲಿ 20ನ್ನು 40ರಿಂದ ಗುಣಿಸಿ 90ರಿಂದ ಭಾಗಿಸಿದರೆ 9ರ ಸಮೀಪ, ಒಟ್ಟು 79. ರಾಜ್ಯದ 75ನ್ನು ದಾಟಿತು, ಕೇಂದ್ರದ 80ನ್ನು ಮುಟ್ಟಲಿಲ್ಲ! ಕಿವಿಯ ಪ್ರಮಾಣವು 50 ಆಗಿದ್ದರೆ ಮೊತ್ತವು 81 ಆಗುತ್ತಿತ್ತು.

ಬಡತನದ ಬಾಗಿಲಿನ ಬಗ್ಗೆ ಸ್ವಲ್ಪ ಹೇಳಬೇಕು. ಅಲ್ಲಿ ಅಳೆಯುವುದು ಕುಟುಂಬವನ್ನು, ವ್ಯಕ್ತಿಯನ್ನಲ್ಲ. ಬಿಡಿಗಾಸಿನ ಸಂಪಾದನೆಯೂ ಇಲ್ಲದ ದೃಷ್ಟಿಹೀನ ಯುವಕನು ಅಣ್ಣನ ಆದಾಯದ ಕಾರಣದಿಂದ ಅನರ್ಹನಾಗಬಹುದು. ಸರ್ಕಾರಿ ನೌಕರರ ಕುಟುಂಬ ಪಿಂಚಣಿಯಲ್ಲಿ ಪ್ರಶ್ನೆಯೇ ಬೇರೆ. ಕೇಂದ್ರ ಸರ್ಕಾರದ ನಿಯಮಗಳಲ್ಲಿ ಮಕ್ಕಳಿಗೆ ಸಾಧಾರಣವಾಗಿ 25 ವರ್ಷಗಳಿಗೆ ನಿಂತುಹೋಗುವ ಆ ಪಿಂಚಣಿಯು, ವೈಕಲ್ಯದಿಂದಾಗಿ ಜೀವನೋಪಾಯವನ್ನು ಸಂಪಾದಿಸಲಾರದ ಮಗನಿಗೆ ಅಥವಾ ಮಗಳಿಗೆ ಜೀವಮಾನಪರ್ಯಂತ ಸಲ್ಲುತ್ತದೆ. ದೃಷ್ಟಿಹೀನ ಮಕ್ಕಳಿರುವ ನೌಕರರು ತಮ್ಮ ಸೇವಾವಧಿಯಲ್ಲಿಯೇ ಮಕ್ಕಳ ಹೆಸರನ್ನೂ ವೈಕಲ್ಯದ ವಿವರವನ್ನೂ ಕಚೇರಿಯ ದಾಖಲೆಗೆ ಸೇರಿಸಿಡುವುದು ಅತ್ಯಾವಶ್ಯಕ.

ಹೀಗೆ ಕಣ್ಣಿನ ಅಳತೆಯ ಬದಲು ದುಡಿಮೆಯ ಸಾಮರ್ಥ್ಯವನ್ನೇ ಅಳತೆಗೋಲಾಗಿ ಹಿಡಿದ ಪದ್ಧತಿಗೆ ಪ್ರಸಿದ್ಧವಾದ ನಿದರ್ಶನವು ಬ್ರಿಟನ್ನಿನದು. 1920ರ ವಸಂತದಲ್ಲಿ ಅಲ್ಲಿನ ದೃಷ್ಟಿಹೀನ ಕಾರ್ಮಿಕರು ನ್ಯೂಪೋರ್ಟ್, ಮ್ಯಾಂಚೆಸ್ಟರ್, ಲೀಡ್ಸ್ ಪಟ್ಟಣಗಳಿಂದ ಲಂಡನ್ನಿಗೆ ಕಾಲ್ನಡಿಗೆಯಲ್ಲಿ ಹೊರಟರು. ದಾನ ಬೇಡ, ನ್ಯಾಯ ಬೇಕು ಎಂಬುದು ಅವರ ಘೋಷಣೆ. ಅದೇ ವರ್ಷ ಅಂಗೀಕೃತವಾದ ಅಧಿನಿಯಮವು ಇತರರಿಗೆ 70ನೆಯ ವಯಸ್ಸಿಗೆ ಬರುತ್ತಿದ್ದ ವೃದ್ಧಾಪ್ಯ ಪಿಂಚಣಿಯನ್ನು ದೃಷ್ಟಿಹೀನರಿಗೆ 50ಕ್ಕೇ ಕೊಟ್ಟಿತು. ಅಲ್ಲಿ ಭಿನ್ನರಾಶಿಯಿರಲಿಲ್ಲ, ನೋಟವು ಅತ್ಯಗತ್ಯವಾದ ಯಾವ ಕೆಲಸವನ್ನೂ ಮಾಡಲಾರದಷ್ಟು ಅಂಧತೆ ಇದೆಯೇ ಎಂಬುದಷ್ಟೇ ಪ್ರಶ್ನೆ. ವಿವೇಚನೆಗೆ ಹೆಚ್ಚು ಎಡೆಗೊಡುವ ಇಂಥ ನಿಯಮಕ್ಕಿಂತ ಅಳತೆಯ ನಿಯಮವು ಬಡವನಿಗೆ ಹೆಚ್ಚು ರಕ್ಷಣೆಯೆಂದೇ ನನ್ನ ನಂಬುಗೆ, ಆದರೆ ಅಳತೆಯನ್ನು ಪೂರ್ತಿಯಾಗಿ ತೆಗೆದುಕೊಂಡಾಗ ಮಾತ್ರ.

ಕಾನೂನಿನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆಯೊಂದು ಇನ್ನೂ ಉಳಿದಿದೆ. 2016ರ ಅಧಿನಿಯಮದ 24ನೆಯ ಪ್ರಕರಣದ ಪ್ರಕಾರ ವಿಕಲಾಂಗರಿಗೆ ಕೊಡುವ ನೆರವು ಇತರರಿಗೆ ಕೊಡುವ ಅಂಥದೇ ನೆರವಿಗಿಂತ ಕನಿಷ್ಠ ಶೇಕಡ 25ರಷ್ಟು ಹೆಚ್ಚಾಗಿರತಕ್ಕದ್ದು. ಕೇಂದ್ರದ ವೃದ್ಧಾಪ್ಯ ಪಿಂಚಣಿಯು 60ರಿಂದ 79 ವರ್ಷದವರಿಗೆ 200 ರೂಪಾಯಿ, ಅಂಗವಿಕಲರಿಗೆ 300. ಇಲ್ಲಿ ಷರತ್ತು ಈಡೇರಿದೆ. ಆದರೆ 80 ತುಂಬಿದ ಮೇಲೆ ಇಬ್ಬರಿಗೂ 500. ಇದನ್ನು ಆಳವಾಗಿ ಅಭ್ಯಸಿಸಿ, ರಾಜ್ಯ ರಾಜ್ಯಗಳ ಮೊತ್ತಗಳನ್ನು ತುಲನೆ ಮಾಡಿ, ಕನ್ನಡದಲ್ಲಿಯೇ ಬರೆಯುವವರು ಬೇಕಾಗಿದ್ದಾರೆ.

ಅಲ್ಲಿಯವರೆಗೆ, ಊರಿನ ಶಿಕ್ಷಕರಲ್ಲಿಯೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಲ್ಲಿಯೂ ನನ್ನ ಕೋರಿಕೆ ಇಷ್ಟು. ನಿಮ್ಮ ಊರಿನ ದೃಷ್ಟಿಹೀನರ ಯು.ಡಿ.ಐ.ಡಿ. ಎಂಬ ವೈಕಲ್ಯದ ಗುರುತಿನ ಕಾರ್ಡನ್ನೂ ಪರೀಕ್ಷೆಯ ಕಾಗದಗಳನ್ನೂ ಒಮ್ಮೆ ತೆಗೆದು ಓದಿರಿ. ಶೇಕಡ 80 ಮುಟ್ಟಿದವರ ಕಾರ್ಡಿಗೆ ನೀಲಿ ಬಣ್ಣ, 40ರಿಂದ 79ರವರೆಗೆ ಹಳದಿ. ಹಳದಿ ಕಾರ್ಡು ಹಿಡಿದವರಲ್ಲಿ ಕೊಳವೆ ನೋಟದವರಿದ್ದಾರೆಯೇ, ಅವರ ಕ್ಷೇತ್ರದ ಅಳತೆಯನ್ನು ಯಾರಾದರೂ ತೆಗೆದಿದ್ದಾರೆಯೇ ಎಂದು ವಿಚಾರಿಸಿರಿ. ಪ್ರಮಾಣಪತ್ರದ ನಿರ್ಧಾರವು ಸರಿಯಿಲ್ಲವೆಂದು ತೋರಿದರೆ, ನಿರ್ಧಾರವಾದ ದಿನದಿಂದ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಆ ಅವಧಿ ಮೀರುವ ಮುನ್ನವೇ ಅವರಿಗೆ ಅರ್ಜಿಯನ್ನು ಬರೆದುಕೊಡಿರಿ.